ನಾನು ಕ್ರಿಸ್ಮಸ್ ಮರ ಬಿಚ್ಚಿಸಿದ ವರ್ಷ

ಒಂದು ಡಿಸೆಂಬರ್‌ನಲ್ಲಿ ನಾನು ಮನೆಯಲ್ಲಿ ನಿಲ್ಲಿಸಿದ್ದ ಕ್ರಿಸ್ಮಸ್ ಮರವನ್ನು ಬಿಚ್ಚಿಸಿದೆ. ಹಬ್ಬಕ್ಕೆ ಇನ್ನೂ ಹನ್ನೊಂದು ದಿನ ಇತ್ತು. ಅಮ್ಮ ಏನೂ ಹೇಳಲಿಲ್ಲ. ಗಾಜಿನ ಗುಂಡುಗಳನ್ನು ಒಂದೊಂದಾಗಿ ಹಳೇ ಪೇಪರ್‌ನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದರು. ತಮ್ಮ ಮಾತ್ರ "ನಿಂಗೆ ಏನಾಗಿದೆ ಅಣ್ಣಾ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ರೆಡಿ ಇತ್ತು. ಫೋನ್‌ನಲ್ಲಿ ಒಂದು ಉದ್ದನೆಯ ಲೇಖನ ಸೇವ್ ಮಾಡಿಕೊಂಡಿದ್ದೆ, ಅದನ್ನೇ ಗಿಣಿಪಾಠ ಒಪ್ಪಿಸಿದೆ. ಡಿಸೆಂಬರ್ 25 ಸೂರ್ಯದೇವರ ಹುಟ್ಟುಹಬ್ಬ, ಮರ ಬಾಬೆಲಿನಿಂದ (ಪ್ರಾಚೀನ ಬ್ಯಾಬಿಲೋನ್) ಬಂದದ್ದು, ಈಸ್ಟರ್ ಅನ್ನೋದು ಇಷ್ಟಾರ್ ಅನ್ನುವ ದೇವಿಯ ಹೆಸರು, ಮೊಟ್ಟೆ ಮೊಲ ಎಲ್ಲ ಅವಳ ಪೂಜೆಯ ಸಾಮಾನು, ಇಷ್ಟು ವರ್ಷ ಯೇಸುವಿನ ಹೆಸರು ಹೇಳಿಕೊಂಡು ನಾವು ಯಾರ್ಯಾರದೋ ಪೂಜೆ ಮಾಡಿದ್ದೇವೆ. ಇದನ್ನೆಲ್ಲ ಹೇಳುವಾಗ ಒಳಗೊಳಗೇ ಖುಷಿಯಾಗುತ್ತಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಉಳಿದವರಿಗೆ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಾಗಿದೆ ಅನ್ನುವ ಖುಷಿ. ಸತ್ಯದ ಮೇಲಿನ ಪ್ರೀತಿಗಿಂತ ಅದೇ ಜಾಸ್ತಿ ಇತ್ತು.

ಆ ಲೇಖನದ ಒಂದು ಸಾಲನ್ನೂ ನಾನು ತಿರುಗಿ ನೋಡಿರಲಿಲ್ಲ. ನೋಡಿದ್ದು ಆಮೇಲೆ, ಅದೂ ತಮ್ಮನ ಜೊತೆ ವಾದ ಗೆಲ್ಲೋಕೆ. ಅವನು "ಇದನ್ನೆಲ್ಲ ಯಾರು ಹೇಳಿದ್ದು, ಯಾವಾಗ ಹೇಳಿದ್ದು?" ಅಂತ ಕೇಳಿದ್ದ. ಸರಿ, ತೋರಿಸ್ತೀನಿ ತಡಿ ಅಂತ ಹುಡುಕೋಕೆ ಕೂತೆ. ಅಲ್ಲಿಂದ ಕಾಲ ಕೆಳಗಿನ ನೆಲ ಒಂದೊಂದೇ ಅಂಗುಲ ಸರಿಯೋಕೆ ಶುರುವಾಯಿತು.

ಮೊದಲು ಡಿಸೆಂಬರ್ 25. ರೋಮ್‌ನಲ್ಲಿ ಕ್ರಿ.ಶ. 354ರಲ್ಲಿ ತಯಾರಾದ ಒಂದು ಪುಸ್ತಕ ಇದೆ. ಕ್ಯಾಲೆಂಡರ್, ಅಧಿಕಾರಿಗಳ ಪಟ್ಟಿ, ಬಿಷಪ್‌ಗಳ ಪಟ್ಟಿ ಎಲ್ಲ ಸೇರಿದ ಒಂದು ಸಂಗ್ರಹ. ಅದರ ಒಂದು ಪಟ್ಟಿಯಲ್ಲಿ ಡಿಸೆಂಬರ್ 25ಕ್ಕೆ ಕ್ರಿಸ್ತ ಯೂದಾಯದ ಬೆತ್ಲೆಹೇಮಿನಲ್ಲಿ ಹುಟ್ಟಿದ ಅಂತ ಬರೆದಿದೆ. ಆ ಪಟ್ಟಿ ಮೂಲದಲ್ಲಿ 336ರ ಹೊತ್ತಿನದು ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ, ಅದೇ ದಿನಕ್ಕೆ, ‘ಸೋಲಿಲ್ಲದವನ’ ಹುಟ್ಟಿದ ದಿನ ಅಂತ ಇದೆ, ಜೊತೆಗೆ 30 ರಥದ ಓಟಗಳು ಅಂತಲೂ ಇದೆ. ಸೋಲಿಲ್ಲದವನು ಅಂದರೆ ಸೋಲ್ ಇನ್ವಿಕ್ಟಸ್, ರೋಮನ್ನರ ಸೂರ್ಯದೇವರು. ಚಕ್ರವರ್ತಿ ಆರೇಲಿಯನ್ 274ರಲ್ಲಿ ಈ ದೇವರಿಗೆ ದೊಡ್ಡ ಗುಡಿ ಕಟ್ಟಿಸಿದ್ದ.

ನೋಡಿದ್ರಾ, ನನ್ನ ಲೇಖನ ಪೂರ್ತಿ ಸುಳ್ಳಲ್ಲ. ಆದರೆ ಒಂದು ವಿಷಯ ಅದು ಹೇಳಿರಲಿಲ್ಲ: ಆ ತಾರೀಖಿನಲ್ಲಿ ಸೂರ್ಯನ ಹುಟ್ಟುಹಬ್ಬ ಇತ್ತು ಅನ್ನೋದಕ್ಕೆ ಸಿಗುವ ಮೊದಲ ಗಟ್ಟಿ ಸಾಕ್ಷಿಯೂ ಇದೇ ಪುಸ್ತಕ. ಯಾರು ಯಾರದನ್ನು ಎತ್ತಿಕೊಂಡರು ಅಂತ ಬರೀ ಇದನ್ನು ಇಟ್ಟುಕೊಂಡು ಹೇಳೋಕಾಗಲ್ಲ. "ಸೂರ್ಯನ ಹಬ್ಬ ಇದ್ದದ್ದರಿಂದ ಚರ್ಚ್‌ನವರು ಈ ದಿನ ಇಟ್ಟುಕೊಂಡರು" ಅಂತ ನೇರವಾಗಿ ಹೇಳುವ ಪ್ರಸಿದ್ಧ ಸಾಲು ಒಂದಿದೆ. ಎಲ್ಲರೂ ಅದನ್ನೇ ಉದ್ಧರಿಸುತ್ತಾರೆ. ಅದು ಸಿರಿಯಾದ ಬಿಷಪ್ ಒಬ್ಬರ ಬರಹದ ಅಂಚಿನಲ್ಲಿ ಯಾರೋ ಬರೆದಿಟ್ಟ ಟಿಪ್ಪಣಿ, ಆ ಬಿಷಪ್ ಬದುಕಿದ್ದು 12ನೇ ಶತಮಾನದಲ್ಲಿ. ಘಟನೆಗೂ ಟಿಪ್ಪಣಿಗೂ ಎಂಟುನೂರು ವರ್ಷದ ಅಂತರ. ಇನ್ನು ಸ್ಯಾಟರ್ನೇಲಿಯಾ, ಎಲ್ಲರ ಬಾಯಲ್ಲೂ ಬರುವ ಇನ್ನೊಂದು ರೋಮನ್ ಹಬ್ಬ, ಅದು ಡಿಸೆಂಬರ್ 17ಕ್ಕೆ ಶುರುವಾಗಿ 23ಕ್ಕೆ ಮುಗಿಯುತ್ತಿತ್ತು. 25ಕ್ಕೆ ಅದು ಇರಲೇ ಇಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ವಿವರಣೆ ಇದೆ, ಅದನ್ನು ಓದಿದಾಗ ನನಗೆ ನಗು ಬಂತು, ಅಷ್ಟು ವಿಚಿತ್ರ ಲೆಕ್ಕ. ಯೇಸು ಶಿಲುಬೆಗೇರಿದ್ದು ಮಾರ್ಚ್ 25 ಅಂತ ಪಶ್ಚಿಮದ ಕ್ರೈಸ್ತರಲ್ಲಿ ಒಂದು ನಂಬಿಕೆ ಇತ್ತು, ಕ್ರಿ.ಶ. 200ರ ಹೊತ್ತಿಗೇ ಟರ್ಟಲಿಯನ್ ಅನ್ನುವ ಕ್ರೈಸ್ತ ಲೇಖಕ ಇದನ್ನು ಬರೆದಿದ್ದಾರೆ. ದೊಡ್ಡ ಪ್ರವಾದಿ ಗರ್ಭದಲ್ಲಿ ಮೂಡಿದ ದಿನವೂ ಸತ್ತ ದಿನವೂ ಒಂದೇ ಆಗಿರಬೇಕು ಅಂತ ಇನ್ನೊಂದು ನಂಬಿಕೆ. ಹಾಗಾದರೆ ಮರಿಯಳು ಗರ್ಭ ಧರಿಸಿದ್ದು ಮಾರ್ಚ್ 25. ಒಂಬತ್ತು ತಿಂಗಳು ಸೇರಿಸಿ. ಡಿಸೆಂಬರ್ 25! ಪೂರ್ವದವರು ಮರಣದ ದಿನವನ್ನು ಏಪ್ರಿಲ್ 6 ಅಂತ ಇಟ್ಟುಕೊಂಡಿದ್ದರು, ಅವರಿಗೆ ಬಂದ ಉತ್ತರ ಜನವರಿ 6. ಅರ್ಮೇನಿಯಾದ ಸಭೆ (ಚರ್ಚ್) ಇವತ್ತಿಗೂ ಜನವರಿ 6ಕ್ಕೇ ಕ್ರಿಸ್ತನ ಜನನ ಆಚರಿಸುತ್ತದೆ. ಈ ಲೆಕ್ಕದಿಂದಲೇ ಹಬ್ಬ ಹುಟ್ಟಿತು ಅಂತ ನಾನು ಆಣೆ ಮಾಡಿ ಹೇಳಲ್ಲ, ವಿದ್ವಾಂಸರೇ ಇನ್ನೂ ಎರಡು ಪಕ್ಷ. ಆದರೆ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ 5ನೇ ಶತಮಾನದ ಆರಂಭದಲ್ಲಿ ಇದೇ ಜೋಡಿಯನ್ನು, ಮಾರ್ಚ್ 25 ಮತ್ತು ಡಿಸೆಂಬರ್ 25ನ್ನು, ಹೀಗೇ ವಿವರಿಸಿದ್ದಾರೆ. ಅವರ ತಲೆಯಲ್ಲಿ ಸೂರ್ಯನ ಗುಡಿ ಇರಲಿಲ್ಲ, ಪಸ್ಕದ ಲೆಕ್ಕ ಇತ್ತು (ಪಸ್ಕ ಅಂದರೆ ಯೆಹೂದ್ಯರ ಬಿಡುಗಡೆಯ ಹಬ್ಬ, ಯೇಸು ಸತ್ತದ್ದು ಅದರ ಹೊತ್ತಿಗೆ).

ಈಸ್ಟರ್ ವಿಷಯದಲ್ಲಂತೂ ಲೇಖನ ಪೂರ್ತಿ ಮುಗ್ಗರಿಸಿತ್ತು. ಇಂಗ್ಲಿಷಿನಲ್ಲಿ ‘ಈಸ್ಟರ್’, ಜರ್ಮನ್‌ನಲ್ಲಿ ಅದಕ್ಕೆ ಹತ್ತಿರದ ಒಂದು ಹೆಸರು. ಯೂರೋಪಿನ ಉಳಿದ ಭಾಷೆಗಳಲ್ಲಿ ಹಲವು ಈ ಹಬ್ಬವನ್ನು ಪಸ್ಕ ಅನ್ನುವ ಮೂಲದಿಂದಲೇ ಕರೆಯುತ್ತವೆ. ಎಯೋಸ್ಟ್ರೆ ಅಂತ ಒಬ್ಬ ದೇವಿ ಇದ್ದಳು, ಅವಳಿಂದ ಒಂದು ತಿಂಗಳಿಗೆ ಹೆಸರು ಬಂತು, ಆ ತಿಂಗಳಿಂದ ಹಬ್ಬಕ್ಕೆ ಹೆಸರು ಬಂತು ಅಂತ ಬರೆದದ್ದು ಇಂಗ್ಲೆಂಡಿನ ಬೀಡ್ ಅನ್ನುವ ಸನ್ಯಾಸಿ, 725ರಲ್ಲಿ. ಅವಳ ಬಗ್ಗೆ ಹಳೆಯ ಬರಹಗಳಲ್ಲಿ ಸಿಗೋದು ಅಷ್ಟೇ. ಬೀಡ್ ಇದನ್ನು ಬರೆಯುವ ಹೊತ್ತಿಗೆ ಕ್ರೈಸ್ತರು ಪುನರುತ್ಥಾನದ ಹಬ್ಬ ಆಚರಿಸೋಕೆ ಶುರು ಮಾಡಿ ಐನೂರು ವರ್ಷಕ್ಕೂ ಮೇಲಾಗಿತ್ತು. 2ನೇ ಶತಮಾನದಲ್ಲೇ ಅದನ್ನು ಯಾವ ದಿನ ಮಾಡಬೇಕು ಅಂತ ಸ್ಮುರ್ನ ಅನ್ನುವ ಊರಿನ ಬಿಷಪ್ ಪೊಲಿಕಾರ್ಪ್ ರೋಮ್‌ವರೆಗೆ ಹೋಗಿ ಅಲ್ಲಿನ ಬಿಷಪ್ ಜೊತೆ ಮಾತಾಡಿ, ಇಬ್ಬರೂ ಒಪ್ಪದೆ, ಆದರೂ ಜಗಳವಾಡದೆ ವಾಪಸ್ ಬಂದಿದ್ದಾರೆ.

ಹಾಗಾದರೆ ಇಷ್ಟಾರ್ ಎಲ್ಲಿಂದ ಬಂದಳು? 1850ರ ದಶಕದಲ್ಲಿ ಅಲೆಕ್ಸಾಂಡರ್ ಹಿಸ್ಲಪ್ ಅಂತ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ರೋಮನ್ ಕ್ಯಾಥೊಲಿಕ್ ಸಭೆಯ ಎಲ್ಲ ಪದ್ಧತಿಗಳೂ ಬಾಬೆಲಿನಿಂದ ಬಂದವು ಅಂತ ಸಾಧಿಸೋಕೆ ಒಂದು ದಪ್ಪ ಪುಸ್ತಕ ಬರೆದರು. ಹೆಸರು ಕೇಳೋಕೆ ಒಂದೇ ಥರ ಇದ್ದರೆ ಸಾಕು, ಮೂಲ ಒಂದೇ ಅಂತ ತೀರ್ಮಾನ ಮಾಡೋದು ಅವರ ಪದ್ಧತಿ. ಫೋನ್‌ಗಳಲ್ಲಿ ಇವತ್ತು ಓಡಾಡುವ ಅರ್ಧಕ್ಕರ್ಧ ಮಾತು ಅಲ್ಲಿಂದಲೇ ಇಳಿದು ಬಂದದ್ದು. ಅಮೆರಿಕದ ಬೋಧಕ ರಾಲ್ಫ್ ವುಡ್ರೋ 1966ರಲ್ಲಿ ಹಿಸ್ಲಪ್‌ರನ್ನೇ ಆಧರಿಸಿ ಒಂದು ಪುಸ್ತಕ ಬರೆದರು, ಅದು ತುಂಬ ಜನಪ್ರಿಯವಾಯಿತು. ಆಮೇಲೆ ಅವರೇ ಕೂತು ಹಿಸ್ಲಪ್ ಕೊಟ್ಟ ಆಧಾರಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಹೇಳಿದ್ದಕ್ಕೂ ಆಧಾರಕ್ಕೂ ತಾಳೆಯೇ ಇಲ್ಲ. ತಮ್ಮ ಪುಸ್ತಕದ ಮಾರಾಟ ನಿಲ್ಲಿಸಿ, 1997ರಲ್ಲಿ ‘ನಾನು ಬರೆದದ್ದು ತಪ್ಪು’ ಅಂತ ತೋರಿಸುವ ಇನ್ನೊಂದು ಪುಸ್ತಕ ಬರೆದರು. ಓಡುವ ಪುಸ್ತಕವನ್ನು ತಾನೇ ಕೈಯಾರೆ ನಿಲ್ಲಿಸೋದು ಸಣ್ಣ ಮಾತಲ್ಲ. ನಾನು ಒಂದು ಫಾರ್ವರ್ಡ್ ಮೆಸೇಜ್ ವಾಪಸ್ ತಗೊಳ್ಳೋಕೆ ಎರಡು ವರ್ಷ ತಗೊಂಡೆ.

ಮೊಟ್ಟೆ, ಮೊಲದ ಬಗ್ಗೆ ಜಾಸ್ತಿ ಹೇಳಲ್ಲ. ಈಸ್ಟರ್ ಮುಂಚಿನ ಉಪವಾಸದ ನಲವತ್ತು ದಿನ ಮೊಟ್ಟೆ ತಿನ್ನಬಾರದು ಅಂತ ನಿಯಮ ಇತ್ತು, ಕೋಳಿಗಳಿಗೆ ಆ ನಿಯಮ ಗೊತ್ತಿರಲಿಲ್ಲ, ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್ 1290ರಲ್ಲಿ ಹಂಚೋಕೆ ಅಂತ 450 ಮೊಟ್ಟೆಗೆ ಬಣ್ಣ ಹಚ್ಚಿಸಿದ ಲೆಕ್ಕ ಸಿಗುತ್ತದೆ. ಮೊಟ್ಟೆ ತರುವ ಮೊಲದ ಕಥೆ ಜರ್ಮನಿಯದು, 1682ರಲ್ಲಿ ಒಬ್ಬ ವೈದ್ಯ ಅದರ ಬಗ್ಗೆ ಬರೆದಿದ್ದಾನೆ. ಮರವೂ ಆ ಕಡೆಯದೇ. 1605ರಲ್ಲಿ ಸ್ಟ್ರಾಸ್‌ಬರ್ಗ್‌ನ ಮನೆಗಳಲ್ಲಿ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬು ನೇತು ಹಾಕುತ್ತಿದ್ದರು ಅಂತ ಒಬ್ಬ ಪ್ರಯಾಣಿಕ ಬರೆದಿಟ್ಟಿದ್ದಾನೆ. ಆ ಸೇಬು ಆದಾಮ ಹವ್ವರ ಕಥೆಯದು, ಡಿಸೆಂಬರ್ 24 ಅವರ ನೆನಪಿನ ದಿನವಾಗಿತ್ತು. ಬೈಬಲಿನ ಯೆರೆಮೀಯ 10ನೇ ಅಧ್ಯಾಯದಲ್ಲಿ ಮರ ಕಡಿದು ಬೆಳ್ಳಿ ಬಂಗಾರದಿಂದ ಸಿಂಗರಿಸಬೇಡಿ ಅಂತ ಇದೆಯಲ್ಲ ಅಂತ ನಾನು ಅಮ್ಮನ ಮುಂದೆ ಬೀಗಿದ್ದೆ. ಮುಂದಿನ ಸಾಲು ಓದಿದ್ದರೆ ಸಾಕಿತ್ತು. ಅದಕ್ಕೆ ಮಾತು ಬರಲ್ಲ, ನಡೆಯೋಕಾಗಲ್ಲ, ಹೊತ್ತುಕೊಂಡೇ ಹೋಗಬೇಕು ಅಂತ ಪ್ರವಾದಿ ಗೇಲಿ ಮಾಡುತ್ತಾನೆ. ಅದು ಕೆತ್ತಿದ ವಿಗ್ರಹದ ಮಾತು. ಕ್ರಿಸ್ಮಸ್ ಮರ ನಡೆಯಲಿ ಅಂತ ಯಾರೂ ಕಾಯಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಕಥೆ "ಎಲ್ಲ ಸುಳ್ಳು, ಆರಾಮಾಗಿ ಹಬ್ಬ ಮಾಡಿ" ಅಂತ ಮುಗಿಯುತ್ತಿತ್ತು. ತುಂಬ ಜನ ಅಲ್ಲೇ ನಿಲ್ಲಿಸುತ್ತಾರೆ. ನನಗೆ ಅದು ಸಮಾಧಾನ ಕೊಡಲಿಲ್ಲ, ಯಾಕಂದರೆ ನಿಜವಾಗಿಯೂ ಬೇರೆ ದೇವರುಗಳ ಅಂಗಳದಿಂದ ಬಂದದ್ದೂ ಇದೆ. ‘ಯೂಲ್’ ಅನ್ನೋದು ಉತ್ತರ ಯೂರೋಪಿನ ಹಳೆಯ ಚಳಿಗಾಲದ ಹಬ್ಬ. 10ನೇ ಶತಮಾನದ ನಾರ್ವೆ ರಾಜ ಹೋಕನ್ ಅದನ್ನು ಕ್ರೈಸ್ತರ ಹಬ್ಬದ ದಿನಕ್ಕೇ ಸರಿಸಿ, ಆ ದಿನ ಎಲ್ಲರೂ ಮದ್ಯ ಕಾಯಿಸಿ ಹಬ್ಬ ಮಾಡಬೇಕು ಅಂತ ಕಾನೂನು ಮಾಡಿದ ಅಂತ ಹಳೆಯ ರಾಜಚರಿತ್ರೆ ಹೇಳುತ್ತದೆ. ಮದುವೆಯ ಉಂಗುರ ರೋಮನ್ನರದು. ವಾರದ ಹೆಸರು ತಗೊಳ್ಳಿ. ನಾವು ಆರಾಧನೆಗೆ ಹೋಗೋದು ಭಾನುವಾರ, ಭಾನು ಅಂದರೆ ಸೂರ್ಯ. ಅದರ ಹಿಂದಿನ ದಿನ ಶನಿಯದು. ಸ್ಯಾಟರ್ನ್ ಅನ್ನೋದೂ ಅದೇ ಗ್ರಹ. ಅಂದರೆ ಸ್ಯಾಟರ್ನೇಲಿಯಾ ಬೇಡ ಅಂತ ಮರ ಬಿಚ್ಚಿಸಿದ ನಾನು, ವಾರಕ್ಕೊಮ್ಮೆ ಅದೇ ದೇವರ ಹೆಸರು ಹೇಳಿ "ಶನಿವಾರ ಸಿಗೋಣ" ಅನ್ನುತ್ತಿದ್ದೆ. ‘ದೇವರು’ ಅನ್ನುವ ಪದವೇ ನಾವು ಹೊಸದಾಗಿ ಮಾಡಿದ್ದಲ್ಲ. ಗ್ರೀಕ್ ಸುವಾರ್ತೆಗಳಲ್ಲಿ ದೇವರಿಗೆ ಬಳಸಿದ ‘ಥಿಯೋಸ್’ ಪದವೂ ಗ್ರೀಕರ ಮುಖ್ಯ ದೇವರು ಜ್ಯೂಸ್‌ಗೆ ಬಳಸುತ್ತಿದ್ದ ಪದವೇ.

ಋಷಿಮೂಲ ನದಿಮೂಲ ಕೇಳಬಾರದು ಅಂತ ಗಾದೆ. ನನಗೆ ಆ ಗಾದೆ ಪೂರ್ತಿ ಒಪ್ಪಿಗೆ ಇಲ್ಲ, ಕೇಳಬೇಕು, ಸುಮ್ನೆ ನಂಬೋದಕ್ಕಿಂತ ಕೇಳೋದು ಒಳ್ಳೆಯದು. ಆದರೆ ಮೂಲ ಗೊತ್ತಾದ ತಕ್ಷಣ ತೀರ್ಪು ಸಿಕ್ಕಿತು ಅಂತ ಅಂದುಕೊಂಡಿದ್ದೆನಲ್ಲ, ಅದು ನನ್ನ ತಪ್ಪು.

ಇದು ನನಗೆ ಹೊಳೆದದ್ದು ಕಂಚಿನ ಹಾವಿನ ಕಥೆಯಿಂದ. ಬೈಬಲಿನ ಅರಣ್ಯಕಾಂಡ 21ರಲ್ಲಿ ಮೋಶೆ ಒಂದು ಕಂಚಿನ ಸರ್ಪ ಮಾಡಿಸಿ ಕಂಬದ ಮೇಲೆ ಏರಿಸುತ್ತಾನೆ. ಮಾಡು ಅಂತ ಹೇಳಿದ್ದು ಸ್ವತಃ ದೇವರೇ. ಇದಕ್ಕಿಂತ ಶುದ್ಧವಾದ ಮೂಲ ಬೇಕಾ? ಆಮೇಲೆ ಎಷ್ಟೋ ತಲೆಮಾರು ಕಳೆದ ಮೇಲೆ, ಎರಡನೇ ಅರಸುಗಳು 18ರಲ್ಲಿ, ರಾಜ ಹಿಜ್ಕೀಯ ಅದನ್ನು ಚೂರು ಚೂರು ಮಾಡುತ್ತಾನೆ. ಜನ ಅದಕ್ಕೆ ಧೂಪ ಹಾಕುತ್ತಿದ್ದರು, ಅದಕ್ಕೆ ನೆಹುಷ್ಟಾನ್ ಅಂತ ಹೆಸರೂ ಬಂದಿತ್ತು. ಹುಟ್ಟು ದೇವರ ಬಾಯಿಂದ, ಕೊನೆ ಸುತ್ತಿಗೆಯ ಕೆಳಗೆ. ಮೂಲ ಚೆನ್ನಾಗಿದೆ ಅಂತ ಹಿಜ್ಕೀಯ ಅದನ್ನು ಬಿಡಲಿಲ್ಲ. ಹಾಗಾದರೆ ಮೂಲ ಕೆಟ್ಟದ್ದು ಅನ್ನುವ ಒಂದೇ ಕಾರಣಕ್ಕೆ ಇನ್ನೊಂದನ್ನು ಒಡೆಯಬೇಕಾ? ಅವನು ನೋಡಿದ್ದು ತನ್ನ ಕಣ್ಣೆದುರು ಅದರ ಮುಂದೆ ಏನು ನಡೆಯುತ್ತಿದೆ ಅನ್ನೋದನ್ನು.

ಉಲ್ಟಾ ಉದಾಹರಣೆಯೂ ಇದೆ. ಅಪೊಸ್ತಲರ ಕೃತ್ಯಗಳು 17ರಲ್ಲಿ ಯೇಸುವಿನ ಅಪೊಸ್ತಲ (ಸಂದೇಶವಾಹಕ) ಪೌಲ ಅಥೇನೆಯವರ (ಅಥೆನ್ಸ್ ಜನರ) ಮುಂದೆ ನಿಂತು ನಿಮ್ಮ ಕವಿಗಳೇ ಹೇಳಿದ ಹಾಗೆ ನಾವು ಆತನ ಸಂತಾನ ಅನ್ನುತ್ತಾನೆ. ಆ ಸಾಲು ಅರಾಟಸ್ ಅನ್ನುವ ಗ್ರೀಕ್ ಕವಿಯದು, ಅಲ್ಲಿ ‘ಆತ’ ಅಂದರೆ ಜ್ಯೂಸ್. ಜ್ಯೂಸ್‌ನ ಹೊಗಳಿಕೆಯ ಸಾಲನ್ನು ಎತ್ತಿ ಯೇಸುವಿನ ತಂದೆಗೆ ಹೊಂದಿಸಿದ್ದು ಅಪೊಸ್ತಲ. ಅದು ಬೈಬಲಿನ ಒಳಗೇ ಕೂತಿದೆ.

ಈಗ ಎದುರು ಪಕ್ಷದ ಮಾತು, ಯಾಕಂದರೆ ಅವರ ಹತ್ತಿರ ಫಾರ್ವರ್ಡ್ ಮೆಸೇಜ್‌ಗಿಂತ ಗಟ್ಟಿಯಾದದ್ದೂ ಇದೆ. ಧರ್ಮೋಪದೇಶಕಾಂಡ 12ರಲ್ಲಿ, ಆ ಜನಾಂಗಗಳು ತಮ್ಮ ದೇವರುಗಳನ್ನು ಹೇಗೆ ಪೂಜಿಸುತ್ತಿದ್ದರು ಅಂತ ವಿಚಾರಿಸಿ ನಾವೂ ಹಾಗೇ ಮಾಡೋಣ ಅನ್ನಬೇಡಿ ಅಂತ ಸ್ಪಷ್ಟವಾಗಿ ಇದೆ. ಅದಕ್ಕಿಂತ ನನ್ನನ್ನು ಕಾಡಿದ್ದು ಬಂಗಾರದ ಕರು. ಮೋಶೆಯ ಅಣ್ಣ ಆರೋನ ಕರು ಮಾಡಿಸಿದ ಮೇಲೆ ಏನು ಸಾರಿದ? ನಾಳೆ ಯೆಹೋವನಿಗೆ ಹಬ್ಬ ಅಂತ. ಬೇರೆ ದೇವರಿಗೆ ಅನ್ನಲಿಲ್ಲ. ಹೆಸರು ಸರಿಯಾದ ದೇವರದೇ, ರೀತಿ ಮಾತ್ರ ಬೇರೆಯದು, ಅಷ್ಟಕ್ಕೇ ಆಗಬಾರದ್ದೆಲ್ಲ ಆಯಿತು. "ನನ್ನ ಉದ್ದೇಶ ಒಳ್ಳೆಯದು, ಅಷ್ಟು ಸಾಕು" ಅನ್ನುವವರು ಇದನ್ನು ಎರಡು ಸಲ ಓದಬೇಕು. ನಾನು ಓದಿದೆ. ಓದಿದಾಗ ಕಂಡದ್ದು, ಅಲ್ಲಿ ಜನ ಕರುವಿಗೆ ಅಡ್ಡಬಿದ್ದರು, ಬಲಿ ಕೊಟ್ಟರು, ನಮ್ಮನ್ನು ಐಗುಪ್ತದಿಂದ ಬಿಡಿಸಿದ ದೇವರು ಇದೇ ಅಂದರು. ಧರ್ಮೋಪದೇಶಕಾಂಡದ ಆ ಭಾಗವೂ ಮಕ್ಕಳನ್ನು ಬೆಂಕಿಗೆ ಹಾಕುವ ಪೂಜೆಯ ಬಗ್ಗೆ ಹೇಳಿ ಮುಗಿಯುತ್ತದೆ. ಪೂಜೆಯ ರೀತಿಯನ್ನು ಎತ್ತಿಕೊಳ್ಳೋದು ಬೇರೆ, ಬಾಗಿಲಿಗೆ ಹಸಿರು ಕಟ್ಟೋದು ಬೇರೆ. ಹಾಗಂತ ಈ ಗೆರೆ ಯಾವಾಗಲೂ ದಪ್ಪಗೆ ಕಾಣುತ್ತದೆ ಅಂತ ನಾನು ಹೇಳಲ್ಲ.

ಬಾಗಿಲು ಅಂದಾಗ ಟರ್ಟಲಿಯನ್ ನೆನಪಾಗುತ್ತಾರೆ. ಅವರ ಕಾಲದಲ್ಲಿ ರೋಮನ್ ಹಬ್ಬಗಳಿಗೆ ಮನೆ ಬಾಗಿಲಿಗೆ ದೀಪ, ಎಲೆಯ ತೋರಣ ಹಾಕುತ್ತಿದ್ದರು. ಕ್ರೈಸ್ತರೂ ಹಾಕುತ್ತಿದ್ದರು, ಅನ್ಯರಿಗಿಂತ ಜಾಸ್ತಿ ನಮ್ಮವರ ಬಾಗಿಲಲ್ಲೇ ದೀಪ ಕಾಣುತ್ತವೆ ಅಂತ ಅವರು ಸಿಟ್ಟಾಗಿದ್ದರು. ಗುಡಿ ಬಿಟ್ಟು ಬಂದ ಮೇಲೆ ನಿನ್ನ ಮನೆಯ ಬಾಗಿಲನ್ನು ಗುಡಿ ಮಾಡಬೇಡ ಅನ್ನೋದು ಅವರ ಮಾತಿನ ಸಾರ. ನನಗೆ ಈ ಮನುಷ್ಯ ಇಷ್ಟ. ಅವರು ಹೇಳಿದ್ದು ಸರಿ ಅಂತಲೂ ಅನಿಸುತ್ತದೆ, ಅವರ ಕಾಲಕ್ಕೆ. ಆಗ ಆ ದೇವರುಗಳು ಬದುಕಿದ್ದವು! ಅವುಗಳಿಗೆ ಗುಡಿ ಇತ್ತು, ಪೂಜಾರಿ ಇದ್ದರು, ದಿನಾ ಬಲಿ ನಡೆಯುತ್ತಿತ್ತು, ಚಕ್ರವರ್ತಿಗೆ ಧೂಪ ಹಾಕಲ್ಲ ಅಂದವರ ತಲೆ ಹೋಗುತ್ತಿತ್ತು. ಬಾಗಿಲ ದೀಪ ನೋಡಿದ ಪಕ್ಕದ ಮನೆಯವನು "ಓ, ಇವನೂ ನಮ್ಮವನೇ" ಅಂತ ಅಂದುಕೊಳ್ಳುತ್ತಿದ್ದ. ಇವತ್ತು ಸ್ಯಾಟರ್ನ್‌ಗೆ ಯಾರು ಅಡ್ಡಬೀಳುತ್ತಾರೆ? ಮಕ್ಕಳ ಪುಸ್ತಕದಲ್ಲಿ ಉಂಗುರ ಹಾಕಿಕೊಂಡ ಗ್ರಹ, ಅಷ್ಟೇ. ಸತ್ತ ದೇವರ ಹೆಸರಿಗೂ ಇವತ್ತು ಬೆಳಗ್ಗೆ ಪೂಜೆ ಮಾಡಿಸಿಕೊಂಡ ದೇವರ ಆಚರಣೆಗೂ ತುಂಬ ವ್ಯತ್ಯಾಸ ಇದೆ. ಜನ ಇವತ್ತೂ ನಂಬಿಕೆಯಿಂದ ಮಾಡುವ ಪೂಜೆಯ ಒಂದು ಚೂರನ್ನು ಎತ್ತಿಕೊಂಡು ಬಂದು, ಅದರ ಮೇಲೆ ಶಿಲುಬೆ ಅಂಟಿಸಿ, ಇದು ಈಗ ನಮ್ಮದು ಅನ್ನೋದು ನನಗೆ ಹಿಡಿಸಲ್ಲ. ಅದರಿಂದ ನಮ್ಮ ನಂಬಿಕೆಗೂ ಗೊಂದಲ, ಅವರ ನಂಬಿಕೆಗೂ ಅವಮಾನ.

ಈ ಕೆಲಸವನ್ನು ಸಭೆ ಲೆಕ್ಕ ಹಾಕಿಯೇ ಮಾಡಿದ್ದೂ ಉಂಟು. ಪೋಪ್ ಮೊದಲನೇ ಗ್ರೆಗರಿ 601ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಧರ್ಮಪ್ರಚಾರಕ ಮೆಲಿಟಸ್‌ಗೆ ಒಂದು ಪತ್ರ ಬರೆದರು: ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹ ತೆಗೆದು ಪವಿತ್ರ ಜಲ ಚಿಮುಕಿಸಿ ಅಲ್ಲೇ ಆರಾಧನೆ ಮಾಡಿ, ದೇವರುಗಳಿಗೆ ದನ ಬಲಿ ಕೊಡುತ್ತಿದ್ದ ಜನ ಈಗ ಅದನ್ನು ಕೊಯ್ದು ದೇವರನ್ನು ಸ್ತುತಿಸಿ ಊಟ ಮಾಡಲಿ. ಈ ಪತ್ರ ಎಲ್ಲರೂ ಹೇಳುತ್ತಾರೆ. ಇದಕ್ಕೆ ಕೆಲವೇ ವಾರ ಮುಂಚೆ ಇದೇ ಗ್ರೆಗರಿ ಅಲ್ಲಿನ ರಾಜ ಎಥಲ್‌ಬರ್ಟ್‌ಗೆ ಗುಡಿಗಳನ್ನು ನೆಲಸಮ ಮಾಡು ಅಂತ ಬರೆದಿದ್ದರು ಅನ್ನೋದನ್ನು ಯಾರೂ ಹೇಳಲ್ಲ. ಅಂದರೆ ಅವರಿಗೂ ಒಂದೇ ಸಲಕ್ಕೆ ಉತ್ತರ ಸಿಕ್ಕಿರಲಿಲ್ಲ. ಓದಿ ನನಗೆ ಸ್ವಲ್ಪ ಸಮಾಧಾನ ಆಯಿತು, ಮನಸ್ಸು ಬದಲಾಯಿಸೋದು ನನ್ನೊಬ್ಬನ ಕಾಯಿಲೆ ಅಲ್ಲ.

ಹೀಗೆ ಮಾಡೋದರಲ್ಲಿ ಅಪಾಯ ಇಲ್ಲ ಅಂತಲ್ಲ. 5ನೇ ಶತಮಾನದ ಪೋಪ್ ಮೊದಲನೇ ಲಿಯೋ ಒಂದು ಕ್ರಿಸ್ಮಸ್ ಪ್ರವಚನದಲ್ಲೇ ನೊಂದುಕೊಂಡು ಹೇಳುತ್ತಾರೆ. ಜನ ಸಂತ ಪೇತ್ರರ ಚರ್ಚಿನ ಮೆಟ್ಟಿಲು ಹತ್ತಿ, ಬಾಗಿಲ ಹತ್ತಿರ ಹಿಂದಕ್ಕೆ ತಿರುಗಿ, ಹುಟ್ಟುತ್ತಿರುವ ಸೂರ್ಯನಿಗೆ ತಲೆ ಬಾಗಿಸಿ ಆಮೇಲೆ ಒಳಗೆ ಬರುತ್ತಾರಂತೆ. ಬಂದಿರೋದು ಯೇಸುವಿನ ಹುಟ್ಟಿಗೆ, ಒಂದು ನಮಸ್ಕಾರ ಸೂರ್ಯನಿಗೂ ಇರಲಿ ಅಂತ. ತಾರೀಖು ಎಲ್ಲಿಂದ ಬಂತು ಅನ್ನೋದರ ಬಗ್ಗೆ ಸಾವಿರ ವಾದ ಮಾಡಬಹುದು, ಆ ಮೆಟ್ಟಿಲ ಮೇಲಿನ ನಮಸ್ಕಾರದ ಬಗ್ಗೆ ವಾದವೇ ಇಲ್ಲ, ಅದು ತಪ್ಪು. ಲಿಯೋ ಹಬ್ಬ ನಿಲ್ಲಿಸಲಿಲ್ಲ. ನಮಸ್ಕಾರ ನಿಲ್ಲಿಸಿ ಅಂದರು.

ಹಬ್ಬವನ್ನೇ ನಿಲ್ಲಿಸಿದವರೂ ಇದ್ದಾರೆ. ಇಂಗ್ಲೆಂಡಿನ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್ಮಸ್, ಈಸ್ಟರ್ ಎರಡನ್ನೂ ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜೆ ಆಗಿದ್ದು 1958ರಲ್ಲಿ. ಹೀಗೆ ಹಬ್ಬ ನಿಲ್ಲಿಸಿದ ಪ್ಯೂರಿಟನ್ನರನ್ನು (ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರನ್ನು) ಗೇಲಿ ಮಾಡೋದು ಸುಲಭ, ಆದರೆ ಅವರ ಮುಖ್ಯ ವಾದ ನನ್ನ ಲೇಖನದ್ದಕ್ಕಿಂತ ಚೆನ್ನಾಗಿತ್ತು: ಬೈಬಲಿನಲ್ಲಿ ಹೇಳದ ಹಬ್ಬವನ್ನು ಎಲ್ಲರೂ ಮಾಡಲೇಬೇಕು ಅನ್ನೋಕೆ ಸಭೆಗೆ ಅಧಿಕಾರ ಕೊಟ್ಟವರು ಯಾರು? ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಯೋಹಾನ 10:22. ಅಲ್ಲಿ ಯೇಸು ದೇವಾಲಯದ ಪ್ರತಿಷ್ಠೆಯ ಹಬ್ಬದ ಹೊತ್ತಿಗೆ ಯೆರೂಸಲೇಮಿನಲ್ಲಿ ಇದ್ದಾನೆ. ಆ ಹಬ್ಬ ಮೋಶೆಯ ಧರ್ಮಶಾಸ್ತ್ರದಲ್ಲಿ ಎಲ್ಲೂ ಇಲ್ಲ, ಜನರೇ ಶುರು ಮಾಡಿದ್ದು. ಆತ ಅದನ್ನು ಬೈಯಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಹಾಗಂತ ಕಡ್ಡಾಯವೂ ಅಲ್ಲ. ಒಬ್ಬನು ಒಂದು ದಿನವನ್ನು ವಿಶೇಷ ಅನ್ನುತ್ತಾನೆ, ಇನ್ನೊಬ್ಬನು ಎಲ್ಲ ದಿನವೂ ಒಂದೇ ಅನ್ನುತ್ತಾನೆ, ಇಬ್ಬರೂ ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಅಂತ ರೋಮಾಪುರದವರಿಗೆ ಪೌಲ ಬರೆದದ್ದು ಇಂಥ ಜಗಳಕ್ಕೇ. ಹಬ್ಬ ಮಾಡದ ಕ್ರೈಸ್ತನನ್ನು ಕಡಿಮೆ ಕ್ರೈಸ್ತ ಅನ್ನುವವರನ್ನು ಕಂಡರೂ ನನಗೆ ಅಷ್ಟೇ ಸಿಟ್ಟು ಬರುತ್ತದೆ.

ಪೌಲನ ವಿಷಯದಲ್ಲಿ ಇನ್ನೊಂದು ಮಾತು, ಇದೇ ನನ್ನ ಕಪಾಳಕ್ಕೆ ಬಿದ್ದದ್ದು. ಗ್ರೀಸಿನ ಕೊರಿಂಥ ಪಟ್ಟಣದ ಮಾಂಸದಂಗಡಿಯಲ್ಲಿ ಗುಡಿಯಲ್ಲಿ ಬಲಿಯಾದ ಪ್ರಾಣಿಯ ಮಾಂಸವೂ ಬರುತ್ತಿತ್ತು. ಸಾವಿರ ವರ್ಷದ ಹಿಂದಿನ ಮೂಲ ಅಲ್ಲ, ಅದೇ ದಿನದ್ದು, ಇನ್ನೂ ಬಿಸಿ ಆರದ್ದು. ಅದಕ್ಕೆ ಪೌಲ ಹೇಳಿದ್ದೇನು? ಅಂಗಡಿಯಲ್ಲಿ ಮಾರುವುದನ್ನು ಮನಸ್ಸಾಕ್ಷಿಯ ಹೆಸರಲ್ಲಿ ವಿಚಾರಣೆ ಮಾಡದೆ ತಿನ್ನಿ. ಗುಡಿಯ ಊಟದ ಪಂಕ್ತಿಯಲ್ಲಿ ಮಾತ್ರ ಕೂರಬೇಡಿ, ಕರ್ತನ ಮೇಜಿನಲ್ಲೂ ದೆವ್ವಗಳ ಮೇಜಿನಲ್ಲೂ ಪಾಲು ತಗೊಳ್ಳೋಕಾಗಲ್ಲ. ಆದರೆ ಪಕ್ಕದಲ್ಲಿ ಕೂತವನು "ಇದು ಬಲಿಯ ಮಾಂಸ" ಅಂದರೆ, ಅವನಿಗೋಸ್ಕರ ಬಿಟ್ಟುಬಿಡಿ. ನಿಮ್ಮ ಮನಸ್ಸಾಕ್ಷಿಗಲ್ಲ, ಅವನದಕ್ಕೆ. ಮಾಂಸ ಅದೇ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದರ ಮೇಲೆ ನಾನು ಮಾಡಬೇಕಾದ್ದು ಬದಲಾಗುತ್ತದೆ. ನಾನು ಆ ಡಿಸೆಂಬರ್‌ನಲ್ಲಿ ಮಾಡಿದ್ದು ಇದರ ತದ್ವಿರುದ್ಧ, ಯಾರ ಮನಸ್ಸಾಕ್ಷಿಗೂ ತೊಂದರೆ ಇರಲಿಲ್ಲ, ನಾನೇ ಮನೆ ಮನೆಗೆ ಹೋಗಿ "ಇದು ಬಲಿಯ ಮಾಂಸ" ಅಂತ ಸಾರಿಕೊಂಡು ಬಂದೆ.

ನಮ್ಮ ಸಭೆಗೆ ಒಬ್ಬ ಅಕ್ಕ ಬರುತ್ತಾರೆ. ದೊಡ್ಡವರಾದ ಮೇಲೆ ನಂಬಿಕೆಗೆ ಬಂದವರು. ಅದಕ್ಕೆ ಮುಂಚೆ ತುಂಬ ಭಯದಲ್ಲಿ ಬದುಕಿದವರು, ಆತ್ಮಗಳನ್ನು ಕರೆಯೋರ ಹತ್ತಿರ ವರ್ಷಗಟ್ಟಲೆ ಓಡಾಡಿದವರು. ಕತ್ತಲೆ ಕೋಣೆಯಲ್ಲಿ ಸಾಲಾಗಿ ಮೇಣದಬತ್ತಿ ಹಚ್ಚಿದರೆ ಅವರ ಕೈ ನಡುಗುತ್ತದೆ. ನಮಗೆ ಕ್ರಿಸ್ಮಸ್ ರಾತ್ರಿಯ ಮೇಣದಬತ್ತಿ ಅಂದರೆ ಹಾಡು, ಬಾಲ್ಯ, ಬೆಚ್ಚಗಿನ ನೆನಪು. ಅವರಿಗೆ ಅದು ಬೇರೆ ಕೋಣೆ. ಮೇಣದಬತ್ತಿಯ ಮೂಲದ ಬಗ್ಗೆ ಅವರಿಗೆ ನಾನು ಇತಿಹಾಸ ಪಾಠ ಮಾಡಬಹುದಿತ್ತು, ಮೊದಲಿನ ನಾನಾಗಿದ್ದರೆ ಮಾಡುತ್ತಲೂ ಇದ್ದೆ. ಎರಡು ವರ್ಷದಿಂದ ನಮ್ಮ ಸಭೆಯಲ್ಲಿ ಆ ರಾತ್ರಿ ಲೈಟ್ ಆರಿಸಲ್ಲ. ಯಾಕೆ ಅಂತ ಎಲ್ಲರಿಗೂ ಹೇಳಿಲ್ಲ, ಕೆಲವರು ಗೊಣಗುತ್ತಾರೆ, ಗೊಣಗಲಿ.

ನಾನು ಈಗ ಏನು ಮಾಡುತ್ತೇನೆ ಅಂತ ಕೇಳುವವರಿಗೆ, ಅದಕ್ಕೂ ಒಂದು ನಿಯಮ ಇಲ್ಲ. ಕ್ರಿಸ್ಮಸ್ ಮಾಡುತ್ತೇನೆ. ಈಸ್ಟರ್ ಅನ್ನುವ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ. ಮಕ್ಕಳಿಗೆ ಸಾಂಟಾ ನಿಜವಾಗಿ ಬರುತ್ತಾನೆ ಅಂತ ಹೇಳಲ್ಲ. 4ನೇ ಶತಮಾನದ ಮೈರಾದ ಬಿಷಪ್ ನಿಕೊಲಾಸ್ ನೆನಪಲ್ಲಿ ಈ ಕಥೆ ಬೆಳೆಯಿತು ಅಂತ ಹೇಳುತ್ತೇನೆ, ಅವರಿಗೆ ಆ ಕಥೆಯಲ್ಲಿ ಅಂಥ ಆಸಕ್ತಿ ಕಾಣಲ್ಲ, ಉಡುಗೊರೆ ಬಂದರೆ ಸಾಕು. ಭವಿಷ್ಯ ಹೇಳುವ, ಆತ್ಮ ಕರೆಯುವ ಆಟಗಳು ಯಾವ ಹಬ್ಬದ ಹೆಸರಲ್ಲಿ ಬಂದರೂ ಬೇಡ ಅನ್ನುತ್ತೇನೆ, ಅಲ್ಲಿ ಮೂಲದ ಪ್ರಶ್ನೆಯೇ ಬರಲ್ಲ, ಅದು ಏನು ಅಂತ ಅದರ ಮುಖದ ಮೇಲೇ ಬರೆದಿದೆ. ಉಳಿದದ್ದು ಆ ವರ್ಷ, ಆ ಜನ ನೋಡಿ.

ಮರದ ವಿಷಯ ಬಾಕಿ ಉಳಿಯಿತು. ಎರಡು ವರ್ಷ ಆದ ಮೇಲೆ ಒಂದು ಡಿಸೆಂಬರ್ ಸಂಜೆ, ಆದಷ್ಟು ಸಹಜವಾಗಿ ಇರೋ ಥರ ನಟಿಸುತ್ತ, "ಅಮ್ಮಾ, ಆ ಗುಂಡುಗಳ ಡಬ್ಬ ಎಲ್ಲಿಟ್ಟಿದ್ದೀರ?" ಅಂತ ಕೇಳಿದೆ. ಅಮ್ಮ ಬಟ್ಟೆ ಮಡಿಸುತ್ತಿದ್ದರು. ಅದನ್ನು ಆ ವರ್ಷವೇ ಯಾರಿಗೋ ಕೊಟ್ಟುಬಿಟ್ಟಿದ್ದರು.

"ನೀನೇ ಬೇಡ ಅಂದ್ಯಲ್ಲಪ್ಪಾ" ಅಂದರು, ಬಟ್ಟೆಯಿಂದ ತಲೆ ಎತ್ತದೆ.